ಮಂತ್ರಚಕ್ರದ ಮೋಟರು

ಸುಟ್ಟ ಮೋಟರನ್ನು ಪೆಟ್ಟಿಗೆಯಿಂದ ಹೊರತೆಗೆದು ಮಗುಚಿ ನೋಡಿದ ಕಾಸಿಂಸಾಬ 'ಯಾ ಅಲ್ಲಾ' ಎಂದು ಹಣೆ ಹಣೆ ಬಡಿದುಕೊಂಡ. ಅದರ ಬೆನ್ನ ಮೇಲೆ ಚೀನಾ ಅಕ್ಷರಗಳು! ಓದಲು ಬಾರದಿದ್ದರೇನು, ಮುಂಡಗೋಡದ ಯಾವ ಮೆಕ್ಯಾನಿಕ್ಕಿಗೆ ಅವುಗಳ ಗುರುತು ಸಿಗುವುದಿಲ್ಲ?

ಅದು ಟಿಬೆಟಿಯನ್ ಕ್ಯಾಂಪಿನ ಮುದುಕಿ ಯಾಂಗ್ಚೆನ್ ಹಿಂದಿನ ದಿನ ಪೆಟ್ಟಿಗೆ ಸಮೇತ ಶಾಲಿನಲ್ಲಿ ಸುತ್ತಿ ತಂದ ಮಂತ್ರಚಕ್ರದ ಮೋಟರು. ಚಕ್ರದೊಳಗೆ ಮಂತ್ರ ಬರೆದ ಕಾಗದದ ಸುರುಳಿ. ಒಂದು ಸುತ್ತು ತಿರುಗಿದರೆ ಅಷ್ಟೂ ಜಪಿಸಿದ ಪುಣ್ಯ.

"ಆರು ದಿನ ಆತು ನಿಂತು. ನಮ್ಮ ಯಜಮಾನ್ರು ಹಾಸಗಿ ಹಿಡದಾರ. ಇದು ತಿರಗೂದು ಕಾಣಲಿಲ್ಲಂದ್ರ ಗಂಜಿನೂ ಸರಿಯಾಗಿ ಮುಟ್ಟಂಗಿಲ್ಲ" ಎಂದಿದ್ದಳು.

"ಹೊಸಾ ಮೋಟರ ಹಾಕ್ತೇನಿ ತಗೋರಿ, ಅಮಾಲಾ." ಕ್ಯಾಂಪಿನವರಂತೆ ಅವನೂ ಅವಳನ್ನು 'ಅಮ್ಮ' ಎಂಬರ್ಥದಲ್ಲಿ ಹಾಗೆಯೇ ಕರೆಯುತ್ತಿದ್ದ.

"ಚೀನಾದ್ದು ಬ್ಯಾಡಪಾ. ಅಲ್ಲಿಂದು ಒಂದು ಚಮಚಾನೂ ಅವ್ರು ಮನಿಯೊಳಗ ಬಿಡಂಗಿಲ್ಲ. ಇದನ್ನ ರಿಪೇರಿ ಮಾಡು. ದಿಲ್ಲಿಯಿಂದ ತಂದದ್ದು, ದೇಸಿ."

ಅವಳ ಗಂಡ ನೋರ್ಬು, ಟಿಬೆಟ್ ಚೀನಾದ ಪಾಲಾದಾಗ ಅಪ್ಪನ ಬೆನ್ನ ಮೇಲೆ ಕೂತು ಹಿಮದ ಗುಡ್ಡ ದಾಟಿ ಬಂದವನು. ಮೋಟರು ಚೀನಾದ್ದೆಂದು ಹೇಳಿದರೆ ಚಕ್ರ ಅಂಗಳಕ್ಕೆ ಬೀಳುತ್ತದೆ, ಮುದುಕ ಉಪವಾಸ ಬೀಳುತ್ತಾನೆ. ಕಾಸಿಂಸಾಬನಿಗೆ ನಿಜಕ್ಕೂ ಸಂಕಟವಾಯಿತು.

ಹೆಸರು ನೋಡಿ ದೂರ ಮಾಡುವುದೆಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೋದ ಚುನಾವಣೆಯ ಹೊತ್ತಿಗೆ 'ಅವರ ಅಂಗಡಿಗೆ ಹೋಗಬೇಡಿ' ಎಂಬ ಚೀಟಿ ಪೇಟೆ ತುಂಬ ಹರಿದಾಡಿತ್ತು. ಚೀಟಿ ಹಂಚಿದವನ ಪಂಪ್‌ಸೆಟ್ಟೇ ಮೂರನೇ ದಿನ ಇವನ ಬಾಗಿಲಿಗೆ ಬಂತು, ಆ ಮಾತು ಬೇರೆ. ಆದರೂ ಹೆಂಡತಿ ರಜಿಯಾ ಹೆದರಿದಳೆಂದು ಬೋರ್ಡಿನ ಮೇಲಿದ್ದ ತನ್ನ ಹೆಸರಿಗೆ ನೀಲಿ ಬಣ್ಣ ಬಳಿಸಿ, 'ನ್ಯಾಷನಲ್ ರಿವೈಂಡಿಂಗ್' ಎಂದು ಬರೆಸಿದ್ದ.

ಉಪಾಯ ಬಲ್ಲವನಿಗೆ ಅಪಾಯವಿಲ್ಲ. ಕೂದಲೆಳೆಯಂಥ ತಾಮ್ರದ ತಂತಿಯನ್ನು ದಿನವಿಡೀ ಕೂತು ಸುತ್ತಿದ. ಆಮೇಲೆ ಕಾನಸು ತೆಗೆದುಕೊಂಡು ಆ ಅಕ್ಷರಗಳನ್ನು ಉಜ್ಜಿ ಉಜ್ಜಿ ಸವೆಸಿಬಿಟ್ಟ.

ಮರುದಿನ ಬೆಳಿಗ್ಗೆ ತಾನೇ ಕ್ಯಾಂಪಿಗೆ ಒಯ್ದ. ದಿಂಬಿಗೆ ಒರಗಿದ್ದ ನೋರ್ಬು ಕೈ ಚಾಚಿದ. "ಕೂಡಸೂಕಿಂತ ಮೊದ್ಲ ಇಲ್ಲಿ ಕೊಡು." ಮೋಟರನ್ನು ಮಗುಚಿ, ಹೊಳೆಯುತ್ತಿದ್ದ ಜಾಗದ ಮೇಲೆ ಹೆಬ್ಬೆರಳಾಡಿಸಿದ.

"ಇಲ್ಲಿದ್ದ ಅಕ್ಷರ ಎಲ್ಲಿ ಹೋದವು?"

ಯಾಂಗ್ಚೆನ್ ಅರ್ಥವಾಗದೆ ಇಬ್ಬರನ್ನೂ ನೋಡಿದಳು. ಕಾಸಿಂಸಾಬ ಕೈಯಲ್ಲಿದ್ದ ಸ್ಕ್ರೂಡ್ರೈವರು ಕೆಳಗಿಟ್ಟ. "ನಿಮಗ ಗೊತ್ತಿತ್ತೇನ್ರಿ?"

"ತಂದ ವಾರದಾಗ ಬಿಚ್ಚಿ ನೋಡೇನಿ. ಒಗೀಬೇಕಂದೆ, ಮನಸಾಗಲಿಲ್ಲ." ಮುದುಕ ಮೆಲ್ಲಗೆ ನಕ್ಕ. "ನಮ್ಮೂರು ಕಸಗೊಂಡವರ ಮಾಲು ಹನ್ನೆರಡು ವರ್ಷ ನನ್ನ ಮಂತ್ರ ತಿರುಗಸೇತಿ. ಅದನ್ನ ನೋಡಿ ನೋಡಿನ ನನ್ನ ಸಿಟ್ಟು ಇಳೀತು. ಇಷ್ಟು ದುಡದವರ ಹೆಸರು ಯಾಕ ಅಳಸಿದಿ, ಕಾಸಿಂಭಾಯಿ?"

ಕಾಸಿಂಸಾಬ ಮೋಟರು ಕೂಡಿಸಿದ. ಚಕ್ರ ತಿರುಗಿತು. ಯಾಂಗ್ಚೆನ್ ಗಂಜಿ ತರಲು ಎದ್ದಳು.

ಪೇಟೆಗೆ ಮರಳಿದವನು ಅಂಗಡಿಯ ಬೀಗ ತೆಗೆಯದೆ ಬೋರ್ಡು ನೋಡುತ್ತ ನಿಂತ. ಓರೆ ಬಿಸಿಲಿನಲ್ಲಿ, ನೀಲಿ ಬಣ್ಣದ ಅಡಿಯಿಂದ ಅವನ ಹೆಸರು ಇನ್ನೂ ಉಬ್ಬಿಕೊಂಡೇ ಇತ್ತು.