ಎಷ್ಟು ಸೂರ್ಯರು?

ದೂರದ ಗ್ಯಾಲಕ್ಸಿ ಗುಂಪೊಂದು ತನ್ನ ಹಿಂದಿನಿಂದ ಬರುವ ಬೆಳಕನ್ನು ಎಷ್ಟು ಬಾಗಿಸುತ್ತದೆಂದು ಅಳೆದು, ಭಾರ್ಗವಿಯೂ ಪ್ರಣೀತನೂ ಬೇರೆ ಬೇರೆ ಊರುಗಳಲ್ಲಿ ಕುಳಿತು ಎರಡು ವರ್ಷ ಅದರ ತೂಕ ಲೆಕ್ಕ ಹಾಕಿದ್ದರು. ಮುಗಿಯುವವರೆಗೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಹೇಳುವಂತಿರಲಿಲ್ಲ. ಎರಡೂ ಒಂದೇ ಬಂದರೆ ಮದುವೆ ಎಂದು ಪ್ರಣೀತ ಪಂಥ ಕಟ್ಟಿದ್ದ.

ಇವತ್ತು ಲೆಕ್ಕ ಮುಗಿದಿತ್ತು. ಬೆಳಿಗ್ಗೆಯಿಂದ ಭಾರ್ಗವಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಪ್ರಣೀತನಿಗೆ ಫೋನ್ ಹಚ್ಚಿ ಕೇಳಿದಳು.

“ಮೊದ್ಲು ನೀನು ಹೇಳು.”

“ಎಂಟುನೂರು ಲಕ್ಷ ಕೋಟಿ ಸೂರ್ಯರ ತೂಕ!”

ಅವಳ ಹಾಳೆಯಲ್ಲಿದ್ದದ್ದು ಆರುನೂರು. ಆದರೂ ಬಾಯಿ ಸುಮ್ಮನಿರಲಿಲ್ಲ.

“ನಂದೂ ಎಂಟುನೂರೇ ಕಣೋ!” ಎಂದು ಕಿರುಚಿಬಿಟ್ಟಳು.

ಆ ಕಡೆಯಿಂದ ಪ್ರಣೀತನ ಸಣ್ಣ ದನಿ ಕೇಳಿಸಿತು.

“ಸುಮ್ನೆ ಸತಾಯಿಸೋಣ ಅಂತ ಇನ್ನೂರು ಜಾಸ್ತಿ ಹೇಳ್ದೆ ಕಣೇ... ನಂಗೆ ಬಂದಿದ್ದು ಆರುನೂರು.”