ಗಡಿ ದಾಟದ ಬೀಗ

“ಪರವಾನಿಗೆ ಇಲ್ಲದೆ ಹೊರದೇಶಕ್ಕೆ ಕೊಡುವಂತಿಲ್ಲ. ಕೇಳುವವರು ಯಾರೇ ಆಗಿರಲಿ.”

ಅಮೆರಿಕದ ಕಾಲೇಜಿನ ಕಚೇರಿಯಿಂದ ಬಂದ ಆ ಇ-ಮೇಲನ್ನು ಮೂರನೆಯ ಸಲ ಓದಿ ರಾಜಮತಿ ಚೌಗಲಾ ಮೇಜು ಗುದ್ದಿದಳು. ಚಹಾ ಚೆಲ್ಲಿತು. ೧೯೯೮ರ ಮಾತು. ಘಟಪ್ರಭಾ ಸ್ಟೇಷನ್ನಿನ ಎದುರಿಗೆ ಅವಳ ಕಂಪ್ಯೂಟರ್ ಕ್ಲಾಸು.

“ಏನಂತರಿ ಅಕ್ಕಾರ?” ಡಾಕ್ಟರ್ ಬಸವಲಿಂಗ ಕೇಳಿದರು.

“ಬೀಗ ಕೊಡಂಗಿಲ್ಲಂತರಿ! ಕಂಪ್ಯೂಟರ್ ಫೈಲಿಗೆ ಬೀಗ ಹಾಕೋ ಪ್ರೋಗ್ರಾಮು. ಅಲ್ಲಿ ಮಂದಿಗೆ ಪುಕ್ಕಟೆ, ಒಳಗಿನ ಬರಹಾನೂ ತೆರೆದ ಇಟ್ಟಾರ. ನಮಗ ಕಳಿಸಿದ್ರ ಯುದ್ಧದ ಸಾಮಾನು ಕಳಿಸಿದಂಗಂತ! ಇವರ ಬಾಯಾಗ ಮಣ್ಣ ಬೀಳಲಿ!”

ಡಾಕ್ಟರರ ಮುಖ ಸಪ್ಪಗಾಯಿತು. ಏಡ್ಸ್ ಇರುವ ನಲವತ್ತು ಹೆಂಗಸರ ಹೆಸರು ಅವರ ದವಾಖಾನೆಯ ಕಂಪ್ಯೂಟರಿನಲ್ಲಿತ್ತು. ಹೋದ ತಿಂಗಳು ಯಾರೋ ಪುಣ್ಯಾತ್ಮರು ಓದಿ ಊರೆಲ್ಲ ಡಂಗುರ ಸಾರಿದರು. ಅಂಕಲಗಿಯ ಕೆಂಚವ್ವನನ್ನು ಅತ್ತೆಮನೆಯವರು ಬಟ್ಟೆಗಂಟಿನ ಸಮೇತ ಹೊರಗೆ ದಬ್ಬಿದರು. ರೋಗ ತಂದ ಗಂಡ ಮಾತ್ರ ಒಳಗೆ ಊಟಕ್ಕೆ ಕೂತಿದ್ದ. ಈಗ ಉಳಿದವರು ಏಡ್ಸಿನ ಬೆನ್ನಿಗೇ ಅಂಟಿದ ಕ್ಷಯದ ಗುಳಿಗೆಗೂ ಬರುತ್ತಿಲ್ಲ. ಹೆಸರಿಗೆ ಬೀಗ ಬೀಳುವ ತನಕ ಬರುವುದಿಲ್ಲವೆಂದು ಹೇಳಿ ಕಳಿಸಿದ್ದರು.

“ನೀವ ಒಂದು ಬರದುಬಿಡ್ರೆಲಾ.”

“ಎಂಟು ತಿಂಗಳು ಬೇಕರಿ. ಅಲ್ಲೀತನಾ ಅವರು ಬದುಕಬೇಕಲ್ಲ?” ಸಿಡಿಲಿಗೆ ಸುಟ್ಟು ಮೂಲೆ ಸೇರಿದ ಹಳೆಯ ಕಂಪ್ಯೂಟರಿನತ್ತ ನೋಡಿ ಹಲ್ಲು ಕಡಿದಳು. “ಅದರಾಗ ಇತ್ತು. ಇನ್ನೊಂದು ಪ್ರತಿ ತಗದಿಡಲಿಲ್ಲ ನಾ, ಹುಚ್ಚಿ!”

“ಮಂದಿ ಸಾಮಾನು ಅಕ್ಕಾರ. ಕೊಡೋದು ಬಿಡೋದು ಅವರ ಮರ್ಜಿ.”

ಅವಳು ಏನೋ ಹೇಳಹೋಗಿ ತುಟಿ ಕಚ್ಚಿಕೊಂಡಳು. ಶಾಸ್ತ್ರಗ್ರಂಥಗಳ ನಕಲು ಮಾಡಿಸಿ ಬಸದಿಗಳಿಗೆ ದಾನ ಕೊಡುವ ಜೈನ ಮನೆತನ ಅವಳದು. ವಿದ್ಯೆ ಪುಕ್ಕಟೆ ಹಂಚಬೇಕು, ಹಂಚಿದ್ದನ್ನು ಬಾಯಲ್ಲಿ ಆಡಬಾರದು, ಇದು ಅತ್ತೆ ಕಲಿಸಿದ ಪಾಠ. ಅಂಥವಳಿಗೆ ವಿದ್ಯೆಗೆ ಬೇಲಿ ಹಾಕುವವರನ್ನು ಕಂಡರೆ ಮೈಯೆಲ್ಲ ಉರಿಯದೆ ಇನ್ನೇನು?

ಡಾಕ್ಟರರು ಅವಳಿಗೂ ಹೇಳದೆ ಅದೇ ಕಾಲೇಜಿನ ಕಂಪ್ಯೂಟರ್ ಪ್ರೊಫೆಸರರೊಬ್ಬರಿಗೆ ಅಂಚೆಯಲ್ಲಿ ಕಾಗದ ಬರೆದರು. ಕೆಂಚವ್ವನ ಕಥೆ ಬರೆದರು. ಕೊನೆಗೆ, ‘ಈ ಬೀಗ ಮಾಡಿದ ಪುಣ್ಯಾತ್ಮ ಯಾರು ಹೇಳಿ, ಅವರ ಕಾಲಾದರೂ ಹಿಡಿಯುತ್ತೇನೆ’ ಎಂದರು.

ಉತ್ತರ ಬರಲು ಆರು ವಾರ ಹಿಡಿಯಿತು. ಅಷ್ಟರಲ್ಲಿ ಹುಕ್ಕೇರಿ ಕಡೆಯ ಸಾತವ್ವ ಗುಳಿಗೆಯಿಲ್ಲದೆ ಸತ್ತಳು. ಮಣ್ಣಿಗೆ ಹೋಗಿ ಬಂದ ಡಾಕ್ಟರರು ನಿಂತಲ್ಲೇ ಲಕೋಟೆ ಹರಿದರು.

‘ನಿಮ್ಮ ಪತ್ರ ಓದಿ ತಲೆ ತಗ್ಗಿಸಿದೆ. ಆದರೆ ಕಳಿಸಿದರೆ ನನಗೆ ಜೈಲು. ಇದನ್ನು ಬರೆದು ನಮಗೆ ದಾನ ಕೊಟ್ಟವರಿಗೆ ನಮ್ಮ ಕಾನೂನು ತಾಗುವುದಿಲ್ಲ, ಅವರನ್ನೇ ಕೇಳಿ: ರಾಜಮತಿ ಚೌಗಲಾ, ಘಟಪ್ರಭಾ, ಭಾರತ.’