ಚಿಕ್ ಅಂದರೆ

“ನಮ್ಮ ಹೊಸಾ ಚಿಕ್ ಎಲ್ಲೈತಿ?” ಎಂದು ಸೂಪರ್‌ವೈಸರ್ ಯಂಕೇಶ ಲಾರಿ ಚಾಲಕರ ಎದುರೇ ಕೇಳಿ ನಕ್ಕ. ಗಿಣಿಗೇರಾದ ಕಾರ್ಖಾನೆಯ ತೂಕದ ಕೋಣೆಗೆ ಹೊಸದಾಗಿ ಕೆಲಸಕ್ಕೆ ಬಂದು ಕೂತಿದ್ದ ಅಮೃತಾಳಿಗೆ ಆ ಪದ ಗೊತ್ತಿರಲಿಲ್ಲ. ಜತೆಗಿದ್ದ ಉಜ್ಮಾ ಮೊಬೈಲಿನಲ್ಲಿ ಹುಡುಕಿ ಹಲ್ಲು ಕಡಿದಳು.

“ಕೋಳಿಮರಿ ಅಂತ ಅರ್ಥ ಅಕ್ಕಾ. ಇಂಗ್ಲಿಷ್ ಆಡುಮಾತಿನಾಗ ಹುಡುಗ್ಯಾರಿಗೆ ಹಂಗಂತಾರಂತ.”

ಅಮೃತಾಳ ಮೈ ಉರಿಯಿತು. ಲಾರಿಗಳನ್ನು ಕರೆಯುವ ಮೈಕನ್ನು ಕಿಟಕಿಯಿಂದ ಅವನ ಬಾಯಿಗೇ ಹಿಡಿದಳು.

“ಅದನ್ನ ಕನ್ನಡದಾಗ ಹೇಳ್ರಿ ಸರ. ಎಲ್ಲಾರಿಗೂ ತಿಳೀಲಿ.”

“ಏ, ಚ್ಯಾಷ್ಟಿಗೆ ಅಂದೆ ಬಿಡ.”

“ಚ್ಯಾಷ್ಟಿನೂ ಕನ್ನಡದಾಗ ಮಾಡ್ರಿ. ಕೋಳಿಮರಿ ಅನ್ರಿ!”

ಚಾಲಕರು ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು. ಅವಳು ಮೈಕನ್ನು ಇಳಿಸಲಿಲ್ಲ. ಯಂಕೇಶ ಬಾಯಿ ತೆರೆದ. ಅವನ ಉಸಿರಷ್ಟೇ ಅಂಗಳದ ತುಂಬ ಕೇಳಿಸಿತು.